ಒಳಸಂಬಂಧ

ನನ್ನ ಗಂಡ ನನಗೆ ಗಂಡನೇ ಹೌದೆಂದು ಇಂಗ್ಲೆಂಡಿನವರಿಗೆ ಸಾಬೀತು ಮಾಡಬೇಕಿತ್ತು. ಇಷ್ಟು ವರ್ಷ ಒಂದೇ ಖೋಲಿಯಲ್ಲಿ ಇವರ ಗೊರಕೆ ಕೇಳಿಕೊಂಡು ಬದುಕಿದವಳಿಗೆ ಇದೆಂಥ ಪರೀಕ್ಷೆಯೆಂದು ಸಿಟ್ಟೇ ಬಂದಿತ್ತು. ಆದರೆ ಅಲ್ಲಿನ ಶಾಲೆಯೊಂದು ಗಣಿತ ಕಲಿಸಲು ನನ್ನನ್ನು ಕರೆದಿತ್ತು. ಮುಂಬಯಿಯ ಚೆಂಬೂರಿನ ಶಾಲೆಗೆ ರಾಜೀನಾಮೆಯನ್ನೂ ಕೊಟ್ಟಾಗಿತ್ತು. ಶಿವಪುತ್ರರನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ. ಮದುವೆಯಾದ ಮೇಲೆ ನನ್ನನ್ನು ಬಿ.ಎಡ್. ತನಕ ಓದಿಸಿದವರು ಅವರೇ.

ಅಂಧೇರಿಯಲ್ಲಿ ವೀಸಾ ಮಾಡಿಸಿಕೊಡುವ ರೂಪಾಲಿಯ ಕಚೇರಿಗೆ ಇಬ್ಬರೂ ಹೊರಟೆವು. ಬೇಡವೆಂದರೂ ಅವ್ವ ಇಂದ್ರಾಬಾಯಿ ಮದುವೆಯ ಆಲ್ಬಮ್ ಬಗಲಲ್ಲಿಟ್ಟುಕೊಂಡು ಬೆನ್ನು ಹತ್ತಿ ಬಂದಳು.

ರೂಪಾಲಿ ಫೋಟೋಗಳನ್ನು ಮಗುಚಿ, "ಚೆನ್ನಾಗಿವೆ. ಆದರೆ ಈಗ ಸುಳ್ಳು ಮದುವೆಗಳು ಜಾಸ್ತಿ, ಅವರು ಸಂಶಯದಿಂದಲೇ ನೋಡುತ್ತಾರೆ" ಎಂದು ಹಿಂದಿಯಲ್ಲಿ ಹೇಳಿದಳು. ಅವ್ವನಿಗೆ ತಡೆಯಲಾಗಲಿಲ್ಲ.

"ಜಾವಈ ಪಣ್ ಹಾಚ್, ಭಾಊ ಪಣ್ ಹಾಚ್!" ಎಂದಳು ತನ್ನ ಮರಾಠಿಯಲ್ಲಿ. ಅಳಿಯನೂ ಇವನೇ, ತಮ್ಮನೂ ಇವನೇ. ತಾಯಿ ಸತ್ತ ಮೇಲೆ ತಾನೇ ಸಾಕಿದ ಒಡಹುಟ್ಟಿದ ತಮ್ಮ, ಹೊರಗಿನವರಿಗೇಕೆಂದು ಮಗಳನ್ನು ಅವನಿಗೇ ಕೊಟ್ಟೆ ಎಂದು ವಿವರಿಸಿ, ಇದಕ್ಕಿಂತ ಗಟ್ಟಿ ಪುರಾವೆ ಬೇಕೇ ಎಂಬ ಠೀವಿಯಲ್ಲಿ ಕೂತಳು. ನಾನೂ ಹೆಮ್ಮೆಯಿಂದ ತಲೆಯಾಡಿಸಿದೆ. ನಮ್ಮ ಕಲಬುರಗಿ ಕಡೆ ಅಕ್ಕನ ಮಗಳೆಂದರೆ ತಮ್ಮನಿಗೇ ಮೊದಲ ಹಕ್ಕು.

ರೂಪಾಲಿಯ ಕೈ ಆಲ್ಬಮ್ ಮೇಲೇ ನಿಂತಿತು. "ಸಖ್ಖಾ ಮಾಮಾ?" ಎಂದಳು ನನ್ನನ್ನೇ ನೋಡುತ್ತ.

"ಹೌದು, ಸ್ವಂತ ಸೋದರಮಾವ."

ಅವಳ ಮುಖ ಬಿಳಿಚಿಕೊಂಡಿತು. ಆ ನೋಟಕ್ಕೆ ನನ್ನ ಮೈಯೆಲ್ಲ ಉರಿದುಹೋಯಿತು.

"ಮೇಡಂ, ಮಾಮಾನ ಜೊತೆ ಮದುವೆಗೆ ಆ ದೇಶದ ಕಾನೂನಿನಲ್ಲಿ ಅವಕಾಶವೇ ಇಲ್ಲ. ನಿಮ್ಮ ಗಂಡನೆಂದು ಇವರಿಗೆ ವೀಸಾ ಸಿಗುವುದಿಲ್ಲ."

ದಂಗಾಗಿಹೋದೆ. ಊರೆಲ್ಲ ಉಂಡು ಹರಸಿದ ಮದುವೆ ಅಲ್ಲಿ ಮದುವೆಯೇ ಅಲ್ಲವೇ? ಅವರ ಲೆಕ್ಕದಲ್ಲಿ ನಾನು ಯಾರು ಹಾಗಾದರೆ? ನಮ್ಮಲ್ಲಿ ಇದು ಪದ್ಧತಿ, ನಮ್ಮಜ್ಜಿಯ ಮದುವೆಯೂ ಹೀಗೇ ಆದದ್ದು ಎಂದು ಗಂಟಲು ಹರಿಯುವಂತೆ ಕೂಗಿದೆ. ಪಕ್ಕದ ಟೇಬಲ್ಲಿನವರೆಲ್ಲ ತಿರುಗಿ ನೋಡಿದರು.

ಅವ್ವ ನನ್ನ ತೋಳು ಹಿಡಿದು, "ನಾ ಇವನ ಅಕ್ಕ ಅಲ್ಲ ಅಂತ ಬರಸ. ಮುದುಕಿಗಿ ತಲಿ ಕೆಟ್ಟದ, ಏನೇನೋ ಅಂತಾಳ ಅನ್ನು" ಎಂದಳು.

"ಸುಮ್ನಿರಕ್ಕಾ," ಎಂದರು ಶಿವಪುತ್ರ. "ಸಾಕಿದಾಕಿನ್ನ ಅಕ್ಕ ಅಲ್ಲ ಅಂತ ಹೆಂಗ ಬರಸಲಿ?" ಆಮೇಲೆ ತಮ್ಮ ಮುರುಕು ಹಿಂದಿಯಲ್ಲಿ ರೂಪಾಲಿಯನ್ನು ಕೇಳಿದರು: ಮಾಮಾ ಎಂದು ಹೋಗಬಹುದೇ?

"ನೋಡಿಕೊಂಡು ಬರಲು ಹೋಗಬಹುದು. ಇರಲು ಆಗುವುದಿಲ್ಲ."

"ಹಾಗಾದರೆ ಇವಳದೊಂದೇ ಮಾಡಿ."

ಎಷ್ಟು ಸಲೀಸಾಗಿ ಅಂದುಬಿಟ್ಟರು! ರೂಪಾಲಿ ಹೇಳಿದ್ದಕ್ಕಿಂತ ಇದು ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು.

"ನಾ ಒಬ್ಬಾಕಿ ಹೋಗಂಗಿಲ್ಲ," ಎಂದೆ.

"ಹೋಗ್ತಿ." ಅವರು ಆಲ್ಬಮ್ ಮುಚ್ಚಿದರು. "ಗಂಡ ಹೇಳ್ದಾಂತ ಕೇಳಬ್ಯಾಡ. ಸಣ್ಣಾಕಿ ಇದ್ದಾಗ ಹೆಗಲ ಮ್ಯಾಲ ಕುಂದ್ರಿಸ್ಕೊಂಡು ನಿನ್ನ ಸಾಲಿಗಿ ಒಯ್ದಾಂವ ನಾನ. ಮಾಮಾ ಹೇಳ್ತಾನ, ಕೇಳು."

ತಾಳಿ ಕಟ್ಟಿದವರು ಆ ಕಚೇರಿಯಲ್ಲಿ, ಎಲ್ಲರ ಮುಂದೆ, ನನ್ನ ಗಂಡನಾಗಿರುವುದನ್ನು ತಾವೇ ಬಿಟ್ಟುಕೊಟ್ಟಿದ್ದರು. ಗಂಡನಾಗಿದ್ದರೆ ಜಗಳಾಡಿ ಗೆಲ್ಲುತ್ತಿದ್ದೆ. ಮಾಮಾನಿಗೆ ಎದುರಾಡಿ ನನಗೆ ಗೊತ್ತಿರಲಿಲ್ಲ.