ಹಿಟ್ಟಿನ ಕೆಮ್ಮು

ಬೇಕರಿ ತಂಗಿಯದು, ಕೈಗುಣ ಅಕ್ಕನದು. ಹಾಗಂತ ತಂಗಿಯೇ ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದಳು. ಹಿಟ್ಟು ನಾದುವುದರಲ್ಲಿ ಅಕ್ಕ ಎತ್ತಿದ ಕೈ. ಆದರೆ ಈಚೆಗೆ ಕೆಲಸಕ್ಕೆ ಬಂದರೆ ಸಾಕು, ಸೀನು, ಕೆಮ್ಮು, ಉಬ್ಬಸ. ರಜೆಯಲ್ಲಿ ಮನೆಯಲ್ಲಿದ್ದರೆ ಏನೂ ಇಲ್ಲ.

"ನಿನ್ನ ಮುಖ ನೋಡಿದ್ರೇ ಕೆಮ್ಮು ಬರುತ್ತೆ ಕಣೇ," ಎಂದು ಅಕ್ಕ ಮಾತು ಹಾರಿಸುತ್ತಿದ್ದಳು.

ಒಂದು ಬೆಳಿಗ್ಗೆ ಹಿಟ್ಟಿನ ಮೂಟೆ ಸುರಿಯುತ್ತಿದ್ದವಳು ಉಸಿರು ಸಿಕ್ಕದೆ ಗೋಡೆ ಹಿಡಿದು ಕುಸಿದಳು. ತಂಗಿ ಅಂಗಡಿಯನ್ನು ಒಲೆ ನೋಡಿಕೊಳ್ಳುವವನಿಗೆ ಒಪ್ಪಿಸಿ ಅಕ್ಕನನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದಳು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡರು. "ಇದು ಹಿಟ್ಟಿನ ಧೂಳಿಂದ ಬಂದಿರೋ ಉಬ್ಬಸ. ಕೆಲಸದಿಂದ ಬಂದ ಕಾಯಿಲೆ ಅಂತ ಬರೆದುಕೊಡ್ತೀನಿ. ಆಮೇಲೆ ಮಾಲೀಕರು ಕಾರ್ಮಿಕ ಇಲಾಖೆಗೆ ತಿಳಿಸಲೇಬೇಕು, ಕಾನೂನು ಹಾಗಿದೆ. ಮಾಲೀಕರು ಯಾರು?"

ಅಕ್ಕ ಕಣ್ಣಲ್ಲೇ ಪಕ್ಕದ ಕುರ್ಚಿ ತೋರಿಸಿದಳು.

ಹೊರಗೆ ಬಂದದ್ದೇ ತಡ, ಜಗಳ ಶುರುವಾಯಿತು.

"ನಂದೇನೂ ದೂರಿಲ್ಲ. ಸುಮ್ನಿರು," ಎಂದಳು ಅಕ್ಕ.

"ನೀನು ದೂರು ಕೊಟ್ರೂ ಬಿಟ್ರೂ ನಾನು ತಿಳಿಸ್ಬೇಕಂತೆ."

"ಒಡಹುಟ್ಟಿದವಳನ್ನ ಸರ್ಕಾರದ ಬಾಯಿಗೆ ಹಾಕ್ತೀಯಾ?"

"ನಿನ್ನನ್ನಲ್ಲ ಅಕ್ಕಾ, ನನ್ನನ್ನ. ಧೂಳು ಕುಡಿಸಿದ್ದು ನಾನು ತಾನೇ?"

ಅಕ್ಕನ ಭಯ ಬೇರೆಯೇ ಇತ್ತು. ಹಿಟ್ಟು ಮುಟ್ಟಬೇಡ ಎಂದುಬಿಟ್ಟರೆ ತನಗೆ ಇನ್ನೇನು ಬರುತ್ತದೆ? ಆದರೆ ಅದನ್ನು ಬಾಯಿಬಿಟ್ಟು ಹೇಳದೆ ತಂಗಿಯ ಜೊತೆ ಮಾತು ಬಿಟ್ಟಳು. ತಂಗಿಗೂ ಭಯವಿತ್ತು: ಬೇಕರಿಗೆ ಬೀಗ ಬಿದ್ದರೆ? ಒಂದು ಗಳಿಗೆ, ಸುಮ್ಮನಿದ್ದುಬಿಡೋಣ ಅಂತಲೂ ಅನ್ನಿಸಿತು. ಆದರೆ ಗೋಡೆ ಹಿಡಿದು ಕುಸಿದ ಅಕ್ಕ ಕಣ್ಣ ಮುಂದೆ ಬಂದಳು. ಸಂಜೆಯೊಳಗೆ ಇಲಾಖೆಗೆ ವರದಿ ಕಳಿಸಿದಳು.

ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಬೀಗ ಹಾಕಲಿಲ್ಲ, ಬೈಯಲೂ ಇಲ್ಲ. ಮೂಟೆ ಕೊಡವುವುದನ್ನು ನೋಡಿದರು, ಒಣ ಪೊರಕೆಯಲ್ಲಿ ನೆಲ ಗುಡಿಸುವುದನ್ನು ನೋಡಿದರು. ಹಿಟ್ಟು ಕಲಸುವ ಯಂತ್ರಕ್ಕೆ ಮುಚ್ಚಳ ಬೇಕು, ಧೂಳು ಎಳೆಯುವ ಫ್ಯಾನು ಬೇಕು, ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಅಕ್ಕ ಹಿಟ್ಟಿನ ಕೋಣೆಗೆ ಕಾಲಿಡಬಾರದು ಎಂದರು. ಹೊರಡುವಾಗ, "ಇನ್ಯಾರಿಗಾದ್ರೂ ಕೆಮ್ಮು ಇದೆಯಾ?" ಎಂದು ಕೇಳಿದರು.

"ಇಲ್ಲ," ಎಂದಳು ತಂಗಿ.

ಒಲೆಯವನು ತಲೆ ತಗ್ಗಿಸಿದ. "ನನಗೂ ಇದೆ, ಮೇಡಂ. ಕೆಲಸ ಹೋಗುತ್ತೆ ಅಂತ ಹೇಳಿರಲಿಲ್ಲ."

ತಂಗಿಗೆ ಮುಖಕ್ಕೆ ಹೊಡೆದಂತಾಯಿತು. ದಿನಾ ಬೆಳಗಾದರೆ ಎದುರಿಗೇ ನಿಲ್ಲುತ್ತಿದ್ದವನು, ಅವಳು ಗಮನಿಸಿಯೇ ಇರಲಿಲ್ಲ. "ಕೆಲಸ ಎಲ್ಲೂ ಹೋಗಲ್ಲಪ್ಪ. ನಾಳೆ ಡಾಕ್ಟರ ಹತ್ರ ಹೋಗೋಣ," ಎಂದಳು.

ಅಕ್ಕನಿಗೆ ಗಲ್ಲಾದ ಕೆಲಸ ಸಿಕ್ಕಿತು. ಬ್ರೆಡ್ಡು ಒತ್ತಿ ನೋಡಿದ ಗಿರಾಕಿಗಳಿಗೆ ಅವಳಿಂದ ಚೆನ್ನಾಗಿ ಬೈಸಿಕೊಳ್ಳುವ ಭಾಗ್ಯ ಬಂತು. ಉಸಿರಾಟ ಪೂರ್ತಿ ಸರಿಹೋಗದಿದ್ದರೂ ಹಗುರವಾಯಿತು. ತಂಗಿಯೊಂದಿಗೆ ಮಾತ್ರ ಮಾತಿಲ್ಲ. ಒಂದು ದಿನ, ಅಕ್ಕನ ಜಾಗಕ್ಕೆ ಬಂದಿದ್ದ ಹೊಸಬಳು ನಾದಿದ ಬ್ರೆಡ್ಡು ಉಬ್ಬದೆ ಹಲಗೆಯಾಯಿತು. ಅಕ್ಕ ಅದನ್ನು ಗಲ್ಲಾದ ಮೇಲೆ ಕುಟ್ಟಿ ತೋರಿಸಿ, ತಂಗಿಯನ್ನು ಕರೆದಳು:

"ಏನೇ ಇದು? ಆ ಹುಡುಗೀನ ಹಿಟ್ಟಿನ ಕೋಣೆ ಬಾಗಿಲ ಹತ್ರ ನಿಲ್ಸು. ನಾನು ಇಲ್ಲಿಂದಲೇ ಹೇಳಿಕೊಡ್ತೀನಿ."