ನಾಡಿ ಪುಸ್ತಕ

"ಇನ್ನೊಂದ್ಸಲ ಉಸಿರು ಹಿಡ್ಕೊಳ್ಳಿ ಡಾಕ್ಟ್ರೇ," ಎಂದಳು ಲೂಪೆ.

"ಇದು ಮೂರನೇ ಸಲ ಕಣಮ್ಮ. ಒಳಗೆ ಏನಾದ್ರೂ ಹಾಡು ಕೇಳಿಸ್ತಿದೆಯಾ?"

ಅವಳು ಸ್ಟೆತಸ್ಕೋಪನ್ನು ಅವರ ಎದೆಯ ಮೇಲೆ ಒಂದು ಬೆರಳಿನಷ್ಟು ಕೆಳಗೆ ಸರಿಸಿದಳು. ಎರಡು ಬಡಿತ ಹತ್ತಿರ ಹತ್ತಿರ. ಆಮೇಲೆ ಒಂದು ಬಿಡುವು. ಮತ್ತೆ ಮೂರು, ಅವಸರದವು. ಕಿಟಕಿಯ ಆಚೆ ಸಮುದ್ರದ ಗಾಳಿ ಯಾರದೋ ಗೇಟನ್ನು ಬಡಿಯುತ್ತಿತ್ತು. ಒಂದು ಕ್ಷಣ ಯಾವ ಸದ್ದು ಎಲ್ಲಿಯದೆಂದು ಅವಳಿಗೇ ಅನುಮಾನವಾಯಿತು.

ಡಾಕ್ಟರ್ ಗಾಲ್‌ಬ್ರೇತ್ ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದರು. "ನಲವತ್ತು ವರ್ಷದಿಂದ ಓಡ್ತಿರೋ ಎದೆ. ಆಗಾಗ ತಾಳ ತಪ್ಪುತ್ತೆ. ಓಡೋರಿಗೆಲ್ಲ ಇದ್ದಿದ್ದೇ."

"ಇಸಿಜಿ ಒಂದು ಮಾಡೋಣ."

"ಯಂತ್ರ ಯಾಕೆ? ನನ್ನ ನಾಡಿ ಪುಸ್ತಕಗಳನ್ನ ನೋಡು. ಯಂತ್ರಕ್ಕಿಂತ ಚೆನ್ನಾಗಿ ಹೇಳ್ತವೆ. ನಿಮ್ಮ ಕಾಲೇಜಿನವರು ಅವನ್ನ ಅಚ್ಚು ಹಾಕ್ಬೇಕು."

ಭಾನುವಾರ ಊರಿನ ಮ್ಯಾರಥಾನ್. ಮೊದಲ ವರ್ಷದಿಂದ ಒಂದನ್ನೂ ತಪ್ಪಿಸದೆ ಓಡಿದವರು ಗಾಲ್‌ಬ್ರೇತ್ ಒಬ್ಬರೇ. ಇದು ನಲವತ್ತನೆಯದು, ಅವರಿಗೆ ಎಪ್ಪತ್ತಾರು. ಎಪ್ಪತ್ತು ದಾಟಿದವರು ಓಡಲು ವೈದ್ಯರ ಸಹಿ ಬೇಕೆಂಬುದು ಓಟದ ಕ್ಲಬ್ಬಿನ ನಿಯಮ. ಸುತ್ತಲಿನ ಮುದುಕರ ಕಾಗದಗಳಿಗೆಲ್ಲ ಅವರೇ ಸಹಿ ಹಾಕುತ್ತಿದ್ದರು, ಅವರದಕ್ಕೆ ಪಕ್ಕದ ಊರಿನ ಡಾಕ್ಟರು. ಆ ಡಾಕ್ಟರು ಈ ವರ್ಷ ನಿವೃತ್ತರಾಗಿ ಉತ್ತರಕ್ಕೆ ಹೋದದ್ದರಿಂದ ಕಾಗದ ಅವರದೇ ಕ್ಲಿನಿಕ್ಕಿನ ಹೊಸ ಡಾಕ್ಟರ್ ಲೂಪೆಯ ಮೇಜಿಗೆ ಬಂದಿತ್ತು. ಆಕ್ಲೆಂಡಿನಿಂದ ನ್ಯೂಜಿಲೆಂಡಿನ ಈ ದಕ್ಷಿಣದ ತುದಿಗೆ ಬಂದು ಅವಳಿಗೆ ಎಂಟು ವಾರವಾಗಿತ್ತು. ಮೊದಲ ದಿನವೇ ಅವರು "ಹೆಸರು ಹಿಡಿದು ಯೂಅನ್ ಅಂತ ಕರಿ, ಸಾಕು" ಎಂದಿದ್ದರು. ಅವಳ ಟೊಂಗಾದ ಮನೆಯಲ್ಲಿ ಹಿರಿಯರನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ನಾಲಿಗೆ ಹೊರಳಲಿಲ್ಲ.

ಶುಕ್ರವಾರ ಮಧ್ಯಾಹ್ನದೊಳಗೆ ಸಹಿ ಆಗಬೇಕಿತ್ತು. ಗುರುವಾರ ಊಟದ ಹೊತ್ತಿಗೆ ನರ್ಸ್ ನೊಲೀನ್ ಒಂದು ಹಳೆಯ ಶೂ ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟಳು. ಮೂವತ್ತೊಂದು ವರ್ಷದಿಂದ ಅದೇ ಕ್ಲಿನಿಕ್ಕಿನಲ್ಲಿದ್ದ ಅವಳು ಪೆಟ್ಟಿಗೆಯ ಪಕ್ಕ ಬಿಸಿ ಚೀಸ್ ರೋಲ್ ಎರಡನ್ನೂ ಇಟ್ಟಳು.

"ಡಾಕ್ಟ್ರು ಪುಸ್ತಕ ಕಳಿಸಿದಾರೆ. ರೋಲ್ ನಂದು. ಕೇಕ್ ಮೇಲೆ ನಲವತ್ತು ಅಂತ ಬರೆಸಿ ಆಗಿದೆ ತಾಯಿ, ಅದನ್ನೂ ಹೇಳಿಬಿಡ್ತೀನಿ."

"ನಾನು ಸಹಿ ಹಾಕದಿದ್ರೆ?"

"ಈ ಊರಲ್ಲಿ ನಿನ್ನ ಹತ್ರ ಜ್ವರಕ್ಕೂ ಯಾರೂ ಬರಲ್ಲ." ನೊಲೀನ್ ಬಾಗಿಲ ಬಳಿ ನಿಂತಳು. "ಆದ್ರೆ ನನ್ನ ಮುಖ ನೋಡ್ಕೊಂಡು ಹಾಕ್ಬೇಡ."

ವರ್ಷಕ್ಕೊಂದು ಪುಸ್ತಕ. ಬೆಳಿಗ್ಗೆ ಎದ್ದು ಕಾಲು ನೆಲಕ್ಕೂರುವ ಮೊದಲು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ ಬರೆದದ್ದು. ಒಂದೆರಡು ಪುಟ ತಿರುವಿ ಮುಚ್ಚುವುದೆಂದುಕೊಂಡಿದ್ದ ಲೂಪೆ ಹಾಗೇ ಓದುತ್ತ ಹೋದಳು. 46, ಗಾಳಿ. 51, ನೆಗಡಿ. 43. 45, ಹೊಸ ಶೂ ಕಚ್ಚುತ್ತದೆ. 55, ಮೊಮ್ಮಗಳು ಹುಟ್ಟಿದಳು. ಒಬ್ಬ ಮನುಷ್ಯನ ಬದುಕನ್ನು ಅವನ ಮಣಿಕಟ್ಟಿನಿಂದ ನೋಡುವುದು ವಿಚಿತ್ರವೆನಿಸಿತು. ಯಾಕೆ ಓಡುತ್ತಾರೆ ಇವರು, ಎಲ್ಲಿಗೆ ಎಂದು ಹುಡುಕಿದಳು. ಅದು ಎಲ್ಲೂ ಇರಲಿಲ್ಲ. ಹನ್ನೊಂದು ವರ್ಷದ ಹಿಂದಿನ ಒಂದು ದಿನ "68, ಜೀನ್" ಎಂದಷ್ಟೇ ಇತ್ತು. ಆಮೇಲೆ ಹತ್ತು ದಿನ ಖಾಲಿ. ಜೀನ್ ಎಂದರೆ ತೀರಿಕೊಂಡ ಹೆಂಡತಿ.

ಕೊನೆಯದು ಈ ವರ್ಷದ ಪುಸ್ತಕ. ಜನವರಿಯಲ್ಲಿ 45, 47, 44, 46. ಫೆಬ್ರವರಿ ಹತ್ತೊಂಬತ್ತರಿಂದ ಆಚೆಗೆ 44. ಮರುದಿನ 44. ಮಾರ್ಚ್ ಪೂರ್ತಿ 44. ಅವರು ನಾಲ್ಕನ್ನು ನೇರ ಗೆರೆಗಳಲ್ಲಿ ಬರೆಯುತ್ತಿದ್ದುದರಿಂದ ಪುಟದುದ್ದಕ್ಕೂ ತಲೆಕೆಳಗಾಗಿಸಿ ಜೋಡಿಸಿದ ಕುರ್ಚಿಗಳಂತೆ ಕಾಣುತ್ತಿತ್ತು. ನೆಗಡಿಯಿಲ್ಲ, ಗಾಳಿಯಿಲ್ಲ. ಒಂಬತ್ತು ತಿಂಗಳು ಬರೀ 44.

ಅವಳಿಗೆ ಇಲ್ಲಿಗೆ ಬಂದ ಮೊದಲ ವಾರ ನೆನಪಾಯಿತು. ಕುರಿ ಸಾಕುವ ರೈತನೊಬ್ಬ ಮನೆಯಲ್ಲಿ ನೋಡಿಕೊಂಡ ರಕ್ತದೊತ್ತಡವನ್ನು ಬರೆದು ತಂದಿದ್ದ. ದಿನವೂ ಅದೇ ಅಂಕಿ. ಲೂಪೆ ಶಹಬ್ಬಾಸ್ ಎಂದಿದ್ದಳು. ಅವನು ಹೋದ ಮೇಲೆ ಗಾಲ್‌ಬ್ರೇತ್ ನಕ್ಕಿದ್ದರು. "ಮೈ ಯಾವತ್ತೂ ದಿನಾ ಒಂದೇ ಮಾತು ಆಡಲ್ಲ ಕಣಮ್ಮ. ಅಂಕಿ ಒಂದೇ ಇದ್ರೆ ಆಸಾಮಿ ನೋಡ್ಕೊಳ್ತಾ ಇಲ್ಲ ಅಂತ. ಬೈಬೇಡ. ಹೆದರಿರ್ತಾನೆ."

ಚೀಸ್ ರೋಲ್ ತಣ್ಣಗಾಗಿತ್ತು.

ಶುಕ್ರವಾರ ಬೆಳಿಗ್ಗೆ ಅವರು ಒಳಗೆ ಬಂದವರೇ ಪೆನ್ನನ್ನು ಅವಳತ್ತ ನೂಕಿದರು. "ಓದಿದ್ಯಾ? ಯಂತ್ರ ಬೇಕಾ ಇನ್ನೂ?"

ಏನು ಹೇಳಬೇಕೆಂದು ಲೂಪೆ ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡು ಬಂದಿದ್ದಳು. ಅವೆಲ್ಲ ಬಿಟ್ಟು ಮಾರ್ಚ್ ತಿಂಗಳ ಪುಟ ತೆರೆದು ಅವರ ಕಡೆಗೆ ತಿರುಗಿಸಿಟ್ಟಳು.

ಅವರು ಕನ್ನಡಕ ಹುಡುಕಿ ಹಾಕಿಕೊಂಡರು. ಪುಟ ನೋಡಿದರು. ಏಪ್ರಿಲ್‌ಗೆ ತಿರುವಿದರು, ಮೇ ತಿಂಗಳಿಗೆ. ತಮ್ಮದೇ ಅಕ್ಷರವನ್ನು ಮೊದಲ ಸಲ ನೋಡುವವರ ಹಾಗೆ.

"ಇದನ್ನ ನಾನೇ ಕಳಿಸಿದ್ನಲ್ಲ," ಎಂದರು ಕೊನೆಗೆ.

"ಹೌದು ಡಾಕ್ಟ್ರೇ."

"ಎಂಥಾ ಪೆದ್ದ." ಕಿವಿಗಳು ಕೆಂಪಾಗಿದ್ದವು. "ಸ್ಮಶಾನದ ಹತ್ರ ಏರು ಇದೆಯಲ್ಲ, ಅಲ್ಲಿ. ಫೆಬ್ರವರೀಲಿ ಓಡ್ತಿದ್ದಾಗ. ಎದೆ ಒಳಗೆ ಹಕ್ಕಿ ಸಿಕ್ಕಿಹಾಕ್ಕೊಂಡ ಹಾಗಾಯ್ತು. ಬೇಲಿ ಹತ್ರ ಕೂತು ಎಣಿಸ್ದೆ. ಮೂರು ಸಲ ಎಣಿಸಿದ್ರೆ ಮೂರು ಲೆಕ್ಕ. ಒಂದು ಕುರಿ ನಿಂತು ನನ್ನನ್ನೇ ನೋಡ್ತಿತ್ತು. ಅದರ ಎದುರಿಗೆ ಎದ್ದು ಓಡಿ ಬಂದೆ."

"ಮಾರನೇ ದಿನ?"

"ಮಾರನೇ ದಿನ ಬೆರಳು ಇಡ್ಲಿಲ್ಲ. ಪುಸ್ತಕ ಖಾಲಿ ಬಿಡೋಕೆ ಮನಸ್ಸು ಬರ್ಲಿಲ್ಲ."

ಅವಳು ಬೈಯಲಿಲ್ಲ. ಆಮೇಲೆ ಅವರೇ ಎದ್ದು ಹೋಗಿ ರೋಗಿಗಳ ಮಂಚದ ಮೇಲೆ ಮಲಗಿ ಅಂಗಿ ಮೇಲೆತ್ತಿಕೊಂಡರು. "ಇಸಿಜಿಗೆ ಹಚ್ಚೋ ಜೆಲ್ಲಿ ತಣ್ಣಗಿರುತ್ತೆ ಅಂತ ಮೊದ್ಲೇ ಹೇಳ್ಬೇಕು. ನಾನು ಎಲ್ರಿಗೂ ಹೇಳ್ತೀನಿ."

"ತಣ್ಣಗಿರುತ್ತೆ."

"ಗೊತ್ತು."

ಯಂತ್ರದಿಂದ ಪಟ್ಟಿ ಹೊರಬಂತು. ಲೂಪೆ ಅದನ್ನು ಹರಿದು ಬೆಳಕಿಗೆ ಹಿಡಿದಳು. ಒಂದೊಂದು ಬಡಿತದ ನಡುವೆ ಒಂದೊಂದು ಅಳತೆಯ ಬಿಡುವು. ಅವರು ಮಲಗಿದಲ್ಲಿಂದಲೇ ಕತ್ತು ಹೊರಳಿಸಿ ನೋಡಿದರು. ಓದಿ ಹೇಳುವ ಅಗತ್ಯ ಇಬ್ಬರಿಗೂ ಇರಲಿಲ್ಲ.

"ಸೋಮವಾರ ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ. ಮಾತ್ರೆ ಇವತ್ತಿಂದ," ಎಂದಳು. ಪಟ್ಟಿಯನ್ನು ಮಡಿಸಿದಳು. "ಸಹಿ ನನ್ನಿಂದ ಆಗಲ್ಲ."

ಅವರು ಚಾವಣಿ ನೋಡುತ್ತಿದ್ದರು. "ಆಗಬಾರ್ದು," ಎಂದರು.

ಭಾನುವಾರ ಬೆಳಿಗ್ಗೆ ಓಟಗಾರರ ಚಿಕಿತ್ಸೆಯ ಡೇರೆ ಲೂಪೆಯ ಪಾಲಿಗೆ ಬಂದಿತ್ತು. ಹಾದುಹೋದ ಕ್ಲಬ್ಬಿನ ಹೆಂಗಸರಲ್ಲಿ ಇಬ್ಬರು ಮಾತಾಡಿಸಲಿಲ್ಲ. ನೊಲೀನ್ ಕೇಕನ್ನು ಬಟ್ಟೆ ಮುಚ್ಚಿ ಮೂಲೆಯಲ್ಲಿಟ್ಟಳು. ಆರಂಭದ ಸೀಟಿಗೆ ಐದು ನಿಮಿಷವಿರುವಾಗ ಗಾಲ್‌ಬ್ರೇತ್ ಮಡಚುವ ಕುರ್ಚಿಯೊಂದನ್ನು ಬಗಲಲ್ಲಿ ಹಿಡಿದು ಬಂದರು. ಲೂಪೆಯ ಕಣ್ಣು ಮೊದಲು ಹೋದದ್ದು ಅವರ ಕಾಲಿಗೆ. ಓಡುವ ಶೂ, ಲೇಸು ಎರಡು ಗಂಟು ಹಾಕಿ ಬಿಗಿದದ್ದು. ಅವಳು ಕುರ್ಚಿಯಿಂದ ಅರ್ಧ ಎದ್ದಳು.

"ಅಷ್ಟು ಹೆದರ್ಬೇಡ. ನನ್ನ ಹತ್ರ ಬೇರೆ ಶೂ ಇಲ್ಲ," ಎಂದು ಅವರು ಅವಳ ಪಕ್ಕದಲ್ಲಿ ಕುರ್ಚಿ ಬಿಡಿಸಿ ಕುಳಿತರು.

ಸೀಟಿ ಊದಿದರು. ಇನ್ನೂರು ಜೋಡಿ ಕಾಲುಗಳ ಸದ್ದು ಡೇರೆಯ ಮುಂದೆ ಹಾದು, ಸಮುದ್ರದ ಕಡೆಗೆ ತಿರುಗಿ, ಗಾಳಿಯಲ್ಲಿ ಸೇರಿಹೋಯಿತು. ಯಾರೋ ದೂರದಿಂದ "ಏಳೋ ಮುದುಕಾ" ಎಂದು ಕೂಗಿದರು. ಅವರು ಕೈಯೆತ್ತಿದರು. ರಸ್ತೆ ಖಾಲಿಯಾದ ಮೇಲೂ ಅತ್ತಲೇ ನೋಡುತ್ತಿದ್ದರು.

ಆಮೇಲೆ ಬಲಗೈಯ ಎರಡು ಬೆರಳು ಎಡ ಮಣಿಕಟ್ಟಿನ ಮೇಲೆ ಹೋದವು. ಕಣ್ಣು ಗಡಿಯಾರದ ಮೇಲೆ, ತುಟಿ ಸಣ್ಣಗೆ ಅಲುಗುತ್ತಿತ್ತು. ಪೂರ್ತಿ ಒಂದು ನಿಮಿಷ ಲೂಪೆ ಕುರ್ಚಿ ಕಿರುಗುಟ್ಟದಂತೆ ಕುಳಿತಳು. ಅವರು ಇನ್ನೊಮ್ಮೆ ಎಣಿಸಿದರು. ಜೇಬಿನಿಂದ ಪುಸ್ತಕ ತೆಗೆದು, ಗಾಳಿಗೆ ಹಾಳೆ ಹಾರದಂತೆ ಮೊಣಕೈಯಿಂದ ಅದುಮಿಕೊಂಡರು.

ಅವಳು ಇಣುಕಲಿಲ್ಲ. ಪೆನ್ನಿನ ಹಿಂತುದಿ ನಾಲ್ಕರ ನೇರ ಗೆರೆ ಎಳೆಯದೆ ಒಂದು ಸಲ ದುಂಡಗೆ ಸುತ್ತಿದ್ದು, ಮತ್ತೊಂದು ಸಲ ಸುತ್ತಿದ್ದು ಮಾತ್ರ ಕಣ್ಣಂಚಿಗೆ ಕಂಡಿತು.