ಕೊನೆಯ ಚಿಕಿತ್ಸೆಯ ತಾರೀಕು

ಏಳು ವರ್ಷದ ಹಿಂದೆ ಲಿಫ್ಟ್ ಮೆಕ್ಯಾನಿಕ್‌ನ ಕರುಳಿನಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಕೊಯ್ದು ತೆಗೆದರು, ಎಂಟು ತಿಂಗಳು ಔಷಧಿ ಹನಿಸಿದರು, ದೇವರು ಕಣ್ಣುಬಿಟ್ಟ, ಮನುಷ್ಯ ಎದ್ದು ಕೆಲಸಕ್ಕೆ ಹೋದ. ಜೀವವಿಮೆ ಮಾತ್ರ ಕೈಗೆ ಹತ್ತಲಿಲ್ಲ. ಹೆಣ್ಣುಮಕ್ಕಳಿಬ್ಬರೂ ಇನ್ನೂ ಶಾಲೆಯಲ್ಲಿ. ತಾನಿಲ್ಲದ ದಿನ ಅವರ ಓದು ನಿಲ್ಲಬಾರದು ಎಂಬುದೊಂದೇ ಅವನ ಹಂಬಲ. ಎರಡು ಕಂಪನಿಗಳು ಒಂದೇ ಉತ್ತರ ಕೊಟ್ಟಿದ್ದವು: ಚಿಕಿತ್ಸೆ ಮುಗಿದು ಐದು ವರ್ಷವಾದ ಮೇಲೆ ಬನ್ನಿ.

“ಐದೆಲ್ಲಿ, ಆರು ದಾಟಿತಲ್ಲ! ಇವರಿಗೆ ಎಣಿಸೋಕೆ ಬರಲ್ವಾ?” ಎಂದು ಹೆಂಡತಿ ಸಿಡುಕಿದಳು.

ಮೂರನೆಯ ಅರ್ಜಿ ತುಂಬಿಸಲು ಅವಳ ತಮ್ಮನೇ ಬಂದ. ವಿಮಾ ಏಜೆಂಟನಾಗಿ ಅವನಿಗೆ ಮೂರು ತಿಂಗಳಾಗಿತ್ತು. ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೇಳಿದ:

“ಭಾವ, ಕೊನೇ ಚಿಕಿತ್ಸೆ ಯಾವಾಗ?”

“ಹೋದ ತಿಂಗಳು ಹನ್ನೆರಡು.”

ಪೆನ್ನು ನಿಂತಿತು. “ಹೋದ ತಿಂಗಳು ಏನ್ ಮಾಡಿದ್ರು?”

“ರಕ್ತ ತಗೊಂಡ್ರು, ಸ್ಕ್ಯಾನ್ ಮಾಡಿದ್ರು. ಏನೂ ಇಲ್ಲ, ಮನೆಗೆ ಹೋಗಿ ಅಂದ್ರು.”

“ಅದು ಚಿಕಿತ್ಸೆನಾ ಭಾವ? ಬರೀ ತಪಾಸಣೆ! ಆ ಎರಡು ಅರ್ಜಿಗೂ ಹೀಗೇ ಬರೆದ್ರಾ?”

“ಮತ್ತೆ? ಲಿಫ್ಟ್ ಸರಿಯಾಗೇ ಓಡ್ತಿದ್ರೂ, ನೋಡಿದ ದಿನ ಕಾರ್ಡಲ್ಲಿ ತಾರೀಕು ಹಾಕಿ ಸರ್ವೀಸ್ ಅಂತ್ಲೇ ಬರೀತೀವಿ. ಬರೀದೆ ಬಿಟ್ರೆ ಸುಳ್ಳಾಗಲ್ವಾ?”

ಹೆಂಡತಿ ಹಣೆ ಚಚ್ಚಿಕೊಂಡಳು. “ರೀ, ನೀವೇನು ಲಿಫ್ಟಾ? ನಿಮ್ಮ ಪ್ರಾಮಾಣಿಕತೆಗಿಷ್ಟು ಬೆಂಕಿ ಹಾಕ!” ಬೈಯುತ್ತ ಬೈಯುತ್ತಲೇ ನಗು ಬಂದು ಬಾಯಿಗೆ ಕೈ ಅಡ್ಡ ಹಿಡಿದಳು.

ಆಸ್ಪತ್ರೆಯ ಡಾಕ್ಟರಮ್ಮ ಪತ್ರ ಬರೆದುಕೊಟ್ಟರು: ಚಿಕಿತ್ಸೆ ಮುಗಿದು ಆರು ವರ್ಷ ದಾಟಿದೆ, ಆಮೇಲಿನದೆಲ್ಲ ತಪಾಸಣೆ. ಹಿಂದೆ ಎರಡು ಸಲ ವಾಪಸ್ ಕಳಿಸಿದ್ದನ್ನೂ ಮುಚ್ಚಿಡದೆ ಬರೆದು, ಭಾವಮೈದುನ ಅರ್ಜಿ ಸಲ್ಲಿಸಿದ.

ಹದಿನೆಂಟನೆಯ ದಿನ ಮಧ್ಯಾಹ್ನ, ಹತ್ತು ಮಹಡಿಯ ಕಟ್ಟಡದ ನೆತ್ತಿಯಲ್ಲಿ ಮೋಟಾರಿಗೆ ಗ್ರೀಸ್ ಹಚ್ಚುತ್ತಿದ್ದಾಗ ಫೋನು ಬಂತು.

“ಭಾವ, ಆಯ್ತು! ಕಂತು ಸ್ವಲ್ಪ ಜಾಸ್ತಿ ಹಾಕಿದಾರೆ, ಆದ್ರೆ ಒಪ್ಕೊಂಡ್ರು. ಪಾಲಿಸಿ ಇವತ್ತಿಂದ್ಲೇ ಶುರು.”

ಅವನು ಗ್ರೀಸ್ ಡಬ್ಬಿ ಕೆಳಗಿಟ್ಟ. ಆಮೇಲೆ ಅಂದ: “ಅಂದ್ರೆ ನಾನು ಬದುಕ್ತೀನಿ ಅಂತ ಅವರೂ ಪಂದ್ಯ ಕಟ್ಟಿದ್ರು ಅನ್ನು.”

“ಅವರನ್ನ ಸೋಲಿಸ್ಬೇಡಿ ಮತ್ತೆ!”

ಫೋನಿಟ್ಟವನು ಗ್ರೀಸ್ ಮೆತ್ತಿದ ಕೈಗಳನ್ನೇ ಜೋಡಿಸಿ, ಕಣ್ಣು ಮುಚ್ಚಿ ದೇವರನ್ನು ನೆನೆದ.

ಸಂಜೆ ಮನೆಯಲ್ಲಿ ಅವನಿಗೆ ಕೆಮ್ಮು ಬಂತು. ಏಳು ವರ್ಷವೂ ಅವನು ಕೆಮ್ಮಿದಾಗಲೆಲ್ಲ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಮುಖ ನೋಡುತ್ತಿದ್ದ ಹೆಂಡತಿ, ಮಗಳ ಅಂಗಿಗೆ ಗುಂಡಿ ಹೊಲಿಯುತ್ತ, ತಲೆಯೆತ್ತದೆ ಹೇಳಿದಳು:

“ನೀರು ಅಲ್ಲೇ ಇದೆ. ನೀವೇ ತಗೊಂಡು ಕುಡೀರಿ.”